ಇನ್‌ಫ್ರಾರೆಡ್ ಹೀಟರಿನ ತಿಂಗಳ ಖರ್ಚು: ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ಚಪ್ಪಡಿ ಮನೆ, ಚಿಕ್ಕಬಳ್ಳಾಪುರ ತಾಲ್ಲೂಕು

ಮಾನ್ಯರೇ, ನಂದಿ ಬೆಟ್ಟದ ತಪ್ಪಲಿನಲ್ಲಿರುವ ನಮ್ಮ ಮನೆ ತಾತನವರ ಕಾಲದ್ದು. ಸೈಜುಗಲ್ಲಿನ ಗೋಡೆ, ಮೇಲೆ ಕಲ್ಲು ಚಪ್ಪಡಿ. ಧನುರ್ಮಾಸದ ಬೆಳಗಿನ ಜಾವ ಪಡಸಾಲೆಯಲ್ಲಿ ಇಟ್ಟ ಉಷ್ಣಮಾಪಕ 16 ಡಿಗ್ರಿ ತೋರಿಸುತ್ತದೆ. ನನ್ನ ತಾಯಿಯವರಿಗೆ 76 ವರ್ಷ, ಮಂಡಿನೋವಿದೆ. ಐದಕ್ಕೆಲ್ಲ ಎದ್ದು ಹಂಡೆ ಒಲೆಯ ಮುಂದೆ ಚಳಿ ಕಾಯಿಸುತ್ತಿದ್ದವರು, ಹೊಗೆಯಿಂದ ಕೆಮ್ಮು ಹೆಚ್ಚಾದ ಮೇಲೆ ಈಗ ಪಡಸಾಲೆಯ ಮೂಲೆಯಲ್ಲಿ ಶಾಲು ಹೊದ್ದು ಕೂರುತ್ತಾರೆ. ಅಂಗಡಿಯವರು 800 ವ್ಯಾಟ್‌ನ ಇನ್‌ಫ್ರಾರೆಡ್ ಗೋಡೆ ಫಲಕವೊಂದನ್ನು ತೋರಿಸಿ, ಸಾಮಾನ್ಯ ಹೀಟರಿಗಿಂತ ಶೇ. 60ರಷ್ಟು ವಿದ್ಯುತ್ ಉಳಿಯುತ್ತದೆ ಎಂದರು. ಬೆಳಿಗ್ಗೆ ಮೂರು ಗಂಟೆ, ಸಂಜೆ ಎರಡು ಗಂಟೆ ಹಾಕಿದರೆ ಬಿಲ್ಲು ಎಷ್ಟು ಬರಬಹುದು? ನಮ್ಮ ಬಳಕೆ ಸದ್ಯ ತಿಂಗಳಿಗೆ 160 ಯೂನಿಟ್. ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ ನಮ್ಮ ಅರ್ಹತೆ 165 ಯೂನಿಟ್ ಇರುವುದರಿಂದ ಬಿಲ್ಲು ಸೊನ್ನೆ. ಪಡಸಾಲೆ ಹನ್ನೆರಡಡಿಗೆ ಹತ್ತಡಿ, ಎತ್ತರ ಹತ್ತಡಿ.

ಉತ್ತರ 1: ಬಿಲ್ ಓದುಗ, ತುಮಕೂರು

ಗುಣಾಕಾರ ಸುಲಭವಾಗಿದೆ. 800 ವ್ಯಾಟ್ ಐದು ಗಂಟೆ ಉರಿದರೆ ದಿನಕ್ಕೆ 4 ಯೂನಿಟ್, ತಿಂಗಳಿಗೆ 120. ಗೃಹಬಳಕೆಯ ದರ 2025–26ನೇ ಸಾಲಿಗೆ ಯೂನಿಟ್‌ಗೆ 5.80 ರೂಪಾಯಿ, ಅದಕ್ಕೆ ವಿದ್ಯುತ್ ನೌಕರರ ಪಿಂಚಣಿ ಬಾಬ್ತಿನ 36 ಪೈಸೆ, ಶೇ. 9ರ ವಿದ್ಯುತ್ ತೆರಿಗೆ ಮತ್ತು ತಿಂಗಳಿಗೊಮ್ಮೆ ಬದಲಾಗುವ ಇಂಧನ ಹೊಂದಾಣಿಕೆ ಸೇರುವುದರಿಂದ ಅಂದಾಜಿಗೆ 7 ರೂಪಾಯಿ ಎಂದು ಹಿಡಿಯಿರಿ. ಹಾಗಾದರೆ ಹೀಟರಿನ ಖರ್ಚು 840 ರೂಪಾಯಿ ಎಂದು ತಮಗನ್ನಿಸಬಹುದು. ಆದರೆ ತಮ್ಮ ಮನೆಯ ಲೆಕ್ಕ ಹಾಗೆ ನಿಲ್ಲುವುದಿಲ್ಲ.

ಅರ್ಹತೆಯಾದ 165ನ್ನು ದಾಟಿ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ಕಟ್ಟಬೇಕಾಗುತ್ತದೆ. 200 ದಾಟಿತೆಂದರೆ ಆ ತಿಂಗಳು ರಿಯಾಯಿತಿಯೇ ಇಲ್ಲ, ಮೊದಲ ಯೂನಿಟ್‌ನಿಂದ ಪೂರ್ತಿ ಬಿಲ್ಲು ತಮ್ಮದೇ. 160ಕ್ಕೆ 120 ಕೂಡಿದರೆ 280. ಅಂದರೆ 1960 ರೂಪಾಯಿ, ಅದರ ಮೇಲೆ ಮಂಜೂರಾದ ಲೋಡಿಗೆ ತಕ್ಕ ನಿಗದಿತ ಶುಲ್ಕ. ಇಂದು ಸೊನ್ನೆ ಕಟ್ಟುತ್ತಿರುವ ಮನೆಗೆ ಹೀಟರಿನ ನಿಜವಾದ ಖರ್ಚು ಇದೇ ಹೊರತು 840 ಅಲ್ಲ. ಆದ್ದರಿಂದ ಪ್ರಶ್ನೆಯನ್ನು ತಿರುಗಿಸಿ ಕೇಳಿಕೊಳ್ಳುವುದು ಒಳ್ಳೆಯದು: ತಮ್ಮ ಕೈಯಲ್ಲಿರುವುದು ತಿಂಗಳಿಗೆ 40 ಯೂನಿಟ್, ದಿನಕ್ಕೆ ಒಂದೂಕಾಲು ಯೂನಿಟ್‌ಗಿಂತ ತುಸು ಹೆಚ್ಚು, ಅಷ್ಟರಲ್ಲಿ ತಾಯಿಯವರನ್ನು ಬೆಚ್ಚಗಿಡಲು ಸಾಧ್ಯವೇ?

ಉತ್ತರ 2: ವಿಜ್ಞಾನ ಮೇಷ್ಟ್ರು, ಕೋಲಾರ

ಶೇ. 60ರ ಮಾತನ್ನು ಹಾಗೆಯೇ ನಂಬಬೇಡಿ. ಒಂದು ಯೂನಿಟ್ ವಿದ್ಯುತ್ತಿನಿಂದ ಹುಟ್ಟುವ ಶಾಖ 3600 ಕಿಲೋಜೂಲ್. ಸುರುಳಿ ಹೀಟರ್, ಎಣ್ಣೆ ತುಂಬಿದ ರೇಡಿಯೇಟರ್, ಇನ್‌ಫ್ರಾರೆಡ್ ಫಲಕ, ಯಾವುದಾದರೂ ಅಷ್ಟೇ. ಬಿಸಿ ಮಾಡುವ ಸೌಲಭ್ಯವಿರುವ ಇನ್ವರ್ಟರ್ ಏಸಿ ಮಾತ್ರ ಹೊರಗಿನ ಶಾಖವನ್ನು ಒಳಗೆ ಎಳೆದು ತರುವುದರಿಂದ ಅದರ ಮೂರು ಪಟ್ಟಿನಷ್ಟು ಕೊಡಬಲ್ಲದು. ಆದರೆ ಎರಡು ತಿಂಗಳ ಚಳಿಗಾಗಿ ಅಷ್ಟು ಹಣ ಹಾಕುವುದು ನನಗೆ ಸರಿಯೆನಿಸುವುದಿಲ್ಲ.

ಉಳಿತಾಯ ಇರುವುದು ಶಾಖ ಎಲ್ಲಿಗೆ ಹೋಗುತ್ತದೆ ಎನ್ನುವುದರಲ್ಲಿ. ತಮ್ಮ ಪಡಸಾಲೆಯ ಗಾಳಿಯ ತೂಕ ಸುಮಾರು 40 ಕಿಲೋ. ಅದನ್ನು 6 ಡಿಗ್ರಿ ಏರಿಸಲು 0.07 ಯೂನಿಟ್ ಸಾಕು. ಆದರೆ ನೆತ್ತಿಯ ಮೇಲಿನ ಚಪ್ಪಡಿ ನಾಲ್ಕು ಅಂಗುಲ ದಪ್ಪವಿದ್ದರೆ ಅದೊಂದೇ ಮೂರು ಟನ್ನಿಗೆ ಹತ್ತಿರ, ಅದನ್ನು ಒಂದೇ ಒಂದು ಡಿಗ್ರಿ ಏರಿಸಲು 0.6 ಯೂನಿಟ್ ಮೀರಿ ಬೇಕು. ಗೋಡೆಗಳ ಮಾತು ಬೇರೆಯೇ. ಕೋಣೆಯನ್ನು ಬಿಸಿ ಮಾಡಲು ಹೊರಟರೆ ತಾವು ಬೆಳಗಿನ ತನಕ ಕಲ್ಲಿಗೇ ಶಾಖ ಉಣಿಸುತ್ತಿರುತ್ತೀರಿ. ಇನ್‌ಫ್ರಾರೆಡ್ ಕಿರಣ ಗಾಳಿಯನ್ನು ಹೆಚ್ಚು ಕಾಯಿಸದೆ ಎದುರಿಗಿರುವ ಮೈಯನ್ನು ಮುಟ್ಟುತ್ತದೆ, ಜಗುಲಿಯಲ್ಲಿ ಎಳೆಬಿಸಿಲು ಕಾಯಿಸಿದ ಹಾಗೆ. ಗೋಡೆ ಫಲಕದ ಶಾಖದಲ್ಲಿ ಒಂದು ಪಾಲು ಗಾಳಿಗೂ ಹೋಗುತ್ತದೆ, ಉಳಿದದ್ದು ಕೋಣೆಯಗಲಕ್ಕೂ ಹರಡುತ್ತದೆ. ಹಿಂದೆ ಹೊಳಪಿನ ತಗಡಿರುವ, ಕೆಂಪಗೆ ಉರಿಯುವ ಕ್ವಾರ್ಟ್ಜ್ ನಳಿಗೆಯಾದರೆ ಅದನ್ನು ಮಂಡಿಯತ್ತ ತಿರುಗಿಸಿ ಇಡಬಹುದು, ಬೆಲೆಯೂ ಕಡಿಮೆ. 400 ವ್ಯಾಟ್‌ನ ಒಂದೇ ನಳಿಗೆ ದಿನಕ್ಕೆ ಮೂರು ಗಂಟೆ ಉರಿದರೆ 1.2 ಯೂನಿಟ್, ತಿಂಗಳಿಗೆ 36.

ಉತ್ತರ 3: ರೇಷ್ಮೆಗೂಡು, ಶಿಡ್ಲಘಟ್ಟ

ಮೇಷ್ಟ್ರ ಮಾತಿಗೆ ನಮ್ಮ ಹುಳುಮನೆಯೇ ಸಾಕ್ಷಿ. ಚಾಕಿ ಹುಳುಗಳಿಗೆ, ಅಂದರೆ ಎಳೆಯ ರೇಷ್ಮೆಹುಳುಗಳಿಗೆ, 27–28 ಡಿಗ್ರಿ ಬೇಕು, ಹುಳು ತಟ್ಟೆಯ ಉದ್ದಗಲಕ್ಕೂ ಇರುತ್ತದೆ; ಆದ್ದರಿಂದ ಅಲ್ಲಿ ಕೋಣೆಯ ಗಾಳಿಯನ್ನೇ ಬಿಸಿ ಮಾಡದೆ ವಿಧಿಯಿಲ್ಲ, ಕಿರಣದ ಹೀಟರ್ ಇಟ್ಟರೆ ಎದುರಿನ ತಟ್ಟೆಯ ಸೊಪ್ಪು ಬಾಡುತ್ತದೆ, ಹಿಂದಿನ ತಟ್ಟೆಗೆ ಚಳಿ ತಪ್ಪುವುದಿಲ್ಲ. ಒಂದೇ ಕಡೆ ಕೂರುವ ತಾಯಿಯವರ ವಿಷಯ ಇದಕ್ಕೆ ತದ್ವಿರುದ್ಧವಾದದ್ದು. ಹೀಟರನ್ನು ಒಂದು ಮೀಟರಿಗಿಂತ ಹತ್ತಿರ ಇಡಬೇಡಿ; ಶಾಲಿನ ಅಂಚು, ಸೀರೆಯ ಸೆರಗು ಅತ್ತ ಜಾರದಂತೆ ನೋಡಿಕೊಳ್ಳಿ. ಬಾಗಿಲ ಕೆಳಗಿನ ಸಂದಿಗೆ ಮಡಿಸಿದ ಗೋಣಿಚೀಲ ಒತ್ತಿಡಿ, ಇದಕ್ಕೆ ಯೂನಿಟ್ ಲೆಕ್ಕವಿಲ್ಲ.

ಪ್ರಶ್ನೆ ಕೇಳಿದವರ ಮರುನುಡಿ: ಚಪ್ಪಡಿ ಮನೆ

ಎಲ್ಲರಿಗೂ ಕೃತಜ್ಞತೆಗಳು. ಫಲಕದ ಯೋಚನೆ ಬಿಟ್ಟು, 400 ವ್ಯಾಟ್‌ನ ಎರಡು ನಳಿಗೆಗಳಿರುವ ಕ್ವಾರ್ಟ್ಜ್ ಹೀಟರ್ ತಂದೆ. ಒಂದನ್ನು ಮಾತ್ರ ಹಾಕುತ್ತಿದ್ದೇವೆ. ಡಬ್ಬದ ಮೇಲಿನ ಅಂಕಿಯನ್ನು ನಂಬದೆ ನಾನೇ ಪರೀಕ್ಷಿಸಿದೆ. ನಮ್ಮ ಮೀಟರಿನ ಮುಖದ ಮೇಲೆ ಯೂನಿಟ್‌ಗೆ ಕೆಂಪು ದೀಪದ 3200 ಮಿನುಗು ಎಂದು ಅಚ್ಚಾಗಿದೆ. ಒಂದು ರಾತ್ರಿ ಫ್ರಿಡ್ಜ್ ಸಹಿತ ಎಲ್ಲವನ್ನೂ ಆರಿಸಿ, ಹೀಟರೊಂದನ್ನೇ ಹಾಕಿ, ಗಡಿಯಾರ ಹಿಡಿದು ಆ ಕೆಂಪು ದೀಪವನ್ನು ಎಣಿಸಿದೆ: ನಿಮಿಷಕ್ಕೆ 21. ಅರವತ್ತರಿಂದ ಗುಣಿಸಿ 3200ರಿಂದ ಭಾಗಿಸಿದರೆ ಗಂಟೆಗೆ 0.39 ಯೂನಿಟ್. ಡಬ್ಬ ಸುಳ್ಳು ಹೇಳಿಲ್ಲ.

ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ ಎಂದು ಗೊತ್ತು ಮಾಡಿಕೊಂಡಿದ್ದೇವೆ. ಬೆನ್ನಿಗೆ ಚಳಿ ಹಾಗೇ ಇದೆ ಎಂದು ತಾಯಿಯವರು ಹೇಳಿದ್ದರಿಂದ ಕುರ್ಚಿಯ ಹಿಂದೆ ಕಂಬಳಿ ಇಳಿಬಿಟ್ಟಿದ್ದೇನೆ. ಮೀಟರ್ ಓದಿ ಹೋದ ದಿನದಿಂದ ಪ್ರತಿದಿನದ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೇನೆ. ಇಂದಿಗೆ 18 ದಿನ, 117 ಯೂನಿಟ್. ಇದೇ ಪ್ರಕಾರ ನಡೆದರೆ 30 ದಿನಕ್ಕೆ 195. ಸಂಕ್ರಾಂತಿಗೆ ತಂಗಿಯ ಮನೆಯವರು ಬರುವವರಿದ್ದಾರೆ. ಆ ನಾಲ್ಕು ದಿನ ನೀರು ಕಾಯಿಸಲು ಗೀಜರ್ ಮುಟ್ಟದೆ ಹಂಡೆ ಒಲೆಯನ್ನೇ ಹಚ್ಚುವುದೆಂದು ತೀರ್ಮಾನಿಸಿದ್ದೇವೆ, ಹಿಪ್ಪುನೇರಳೆ ಕಡ್ಡಿ ಬೇಕಾದಷ್ಟಿದೆ.