ಮೈಕ್ ದುಬಾರಿ ಆಯ್ತು, ಅಜ್ಜಿಯ ದನಿ ಯಾಕೆ ಕೆಟ್ಟಿತು?

ಕಾಫಿಹೂ (ಭಾಗಮಂಡಲ ಹತ್ತಿರ):
ನಮ್ಮ ಅಜ್ಜಿಗೆ 84 ವರ್ಷ. ಕೊಡಗಿನ ಅರೆಭಾಷೆಯ ಸೋಬಾನೆ ಹಾಡುಗಳು ನಮ್ಮ ಮನೆಯಲ್ಲಿ ಈಗ ಅವರೊಬ್ಬರಿಗೇ ಬಾಯಿಪಾಠ. ಹೇಗಾದರೂ ಉಳಿಸಿಕೊಳ್ಳಬೇಕು ಅಂತ ರೆಕಾರ್ಡ್ ಮಾಡುತ್ತಿದ್ದೇನೆ. ಮೊದಲು 4,000 ರೂಪಾಯಿಯ ಯುಎಸ್‌ಬಿ ಮೈಕ್ ಇತ್ತು. ಈ ವರ್ಷ 24,000 ಕೊಟ್ಟು ಕಂಡೆನ್ಸರ್ ಮೈಕ್ (ಸಣ್ಣ ಸದ್ದನ್ನೂ ಹಿಡಿಯುವಂಥದ್ದು), ಅದನ್ನು ಕಂಪ್ಯೂಟರ್‌ಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಪೆಟ್ಟಿಗೆ ತಗೊಂಡೆ. ಹಾಲ್‌ನಲ್ಲಿ ಅಜ್ಜಿಯಿಂದ ಮೂರಡಿ ದೂರಕ್ಕೆ ಸ್ಟ್ಯಾಂಡ್ ಇಟ್ಟೆ. ಕೇಳಿದರೆ ಬಾವಿಯೊಳಗೆ ಕೂತು ಹಾಡಿದ ಹಾಗಿದೆ. ಫ್ರಿಡ್ಜ್ ಸದ್ದು, ಅಂಗಳದ ಶೀಟಿನ ಮೇಲಿನ ಮಳೆ, ಎಲ್ಲಾ ಸ್ಪಷ್ಟ. 96 ಕಿಲೋಹರ್ಟ್ಸ್‌ನ ಇನ್ನೂ ಒಳ್ಳೆ ಇಂಟರ್‌ಫೇಸ್ ಬೇಕು, 35,000 ಆಗುತ್ತದೆ ಅಂತ ಅಂಗಡಿಯವರು ಹೇಳಿದರು. ತಗೊಳ್ಳಲಾ?

ಗೋಡೌನ್ ದನಿ (ಸೋಮವಾರಪೇಟೆ):
ಅಕ್ಕ, ದಯವಿಟ್ಟು ತಗೊಳ್ಳಬೇಡಿ. ನಿಮ್ಮ ಹೊಸ ಮೈಕ್ ಚೆನ್ನಾಗಿಯೇ ಕೇಳಿಸಿಕೊಳ್ಳುತ್ತಿದೆ. ಹಾಲ್ ಕೋಣೆಯನ್ನೂ ಸೇರಿಸಿ ಕೇಳಿಸಿಕೊಳ್ಳುತ್ತಿದೆ, ತೊಂದರೆ ಅಷ್ಟೇ.

ನಾನು ಮಕ್ಕಳಿಗಾಗಿ ಕಥೆ ಓದಿ ರೆಕಾರ್ಡ್ ಮಾಡುತ್ತೇನೆ. ನಮ್ಮ ಕಾಫಿ ಗೋಡೌನ್‌ನಲ್ಲೇ ಕೂರುತ್ತೇನೆ. ಫೆಬ್ರವರಿಯಲ್ಲಿ ಒಣಗಿದ ಚೆರಿ (ಕಾಫಿ ಹಣ್ಣು) ಮೂಟೆಗಳು ಮೂರು ಗೋಡೆಗೂ ಸೂರಿನವರೆಗೆ ಇರುತ್ತವೆ. ಆಗ ದನಿ ಕಿವಿಯ ಪಕ್ಕದಲ್ಲೇ ಕೂತು ಹೇಳಿದ ಹಾಗೆ ಬರುತ್ತದೆ. ಮೂಟೆ ಮಾರಿ ಗೋಡೌನ್ ಖಾಲಿ ಆದ ಮೇಲೆ ಅದೇ ಮೈಕ್, ಅದೇ ಕುರ್ಚಿ, ಅದೇ ನಾನು. ದನಿ ಮಾತ್ರ ಡಬ್ಬಿಯೊಳಗಿನದು! ಎರಡು ವರ್ಷ ಮೈಕ್ ಮೇಲೆ ಅನುಮಾನ ಪಟ್ಟು, ಮೂರು ಮೈಕ್ ಬದಲಾಯಿಸಿದೆ. ಬದಲಾಗಿದ್ದು ಮೂಟೆಗಳು ಅಂತ ಆಮೇಲೆ ಹೊಳೆಯಿತು.

ನಿಮ್ಮ ಹಾಲ್‌ನಲ್ಲಿ ಟೈಲ್ಸ್ ನೆಲ, ಗಾಜಿನ ಕಿಟಕಿ ಇರಬೇಕು ಅಲ್ವಾ? ಜೋರಾಗಿ ಒಂದು ಚಪ್ಪಾಳೆ ಹೊಡೆದು ನೋಡಿ. ಟ್ರ್‌ರ್ ಅಂತ ಬಾಲ ಬಂದರೆ ಅದೇ ನಿಮ್ಮ ಬಾವಿ. ಅಜ್ಜಿಯನ್ನು ಮಲಗುವ ಕೋಣೆಗೆ ಕರೆದುಕೊಂಡು ಹೋಗಿ. ಅವರ ಹಿಂದೆ ಹಾಸಿಗೆ ನಿಲ್ಲಿಸಿ, ಅಕ್ಕಪಕ್ಕ ದಪ್ಪ ಕಂಬಳಿ ಇಳಿಬಿಡಿ. ಮೊಟ್ಟೆ ಟ್ರೇ ಅಂಟಿಸುವ ಕೆಲಸ ಬೇಡ, ಅದು ಸದ್ದು ಹೀರುವುದೇ ಇಲ್ಲ ಅನ್ನಬಹುದು.

ಮೈಕನ್ನು ಬಾಯಿಗೆ ಒಂದು ಗೇಣು ದೂರಕ್ಕೆ ತನ್ನಿ, ಉಸಿರು ನೇರ ಬಡಿಯದಂತೆ ಸ್ವಲ್ಪ ಪಕ್ಕಕ್ಕೆ. ದೂರ ಅರ್ಧ ಆದರೆ ನೇರ ದನಿ ಸುಮಾರು 6 ಡೆಸಿಬಲ್ (ಸದ್ದಿನ ಅಳತೆ) ಏರುತ್ತದೆ. ಗೋಡೆಗಳಿಂದ ತಿರುಗಿ ಬರುವ ಸದ್ದು ಇದ್ದಷ್ಟೇ ಇರುತ್ತದೆ. ಮೂರಡಿಯಿಂದ ಒಂದು ಗೇಣಿಗೆ ಬಂದರೆ ದೂರ ಎರಡು ಸಲ ಅರ್ಧ ಆಯ್ತು, ಅಂದರೆ 12 ಡೆಸಿಬಲ್. ಇಷ್ಟು ಲಾಭ ಯಾವ ಇಂಟರ್‌ಫೇಸೂ ಕೊಡಲ್ಲ.

96 ಕಿಲೋಹರ್ಟ್ಸ್ ಮಾತು ಬಿಡಿ. ಅದು ಸೆಕೆಂಡಿಗೆ ದನಿಯನ್ನು ಎಷ್ಟು ಸಾವಿರ ಸಲ ಅಳೆಯುತ್ತದೆ ಅನ್ನುವ ಲೆಕ್ಕ, ಅದರ ಅರ್ಧದವರೆಗಿನ ಸದ್ದು ಹಿಡಿಯುತ್ತದೆ. ಸಿಡಿಯ 44.1ರಲ್ಲೇ ಸುಮಾರು 22 ಕಿಲೋಹರ್ಟ್ಸ್‌ವರೆಗಿನ ಸದ್ದು ಹಿಡಿಯುತ್ತದೆ. ನಮ್ಮ ಕಿವಿ ಚೆನ್ನಾಗಿದ್ದಾಗಲೂ 20ಕ್ಕೆ ನಿಲ್ಲುತ್ತದೆ. ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ 24 ಬಿಟ್ ಅಂತೂ ಇಟ್ಟುಕೊಳ್ಳಿ, ಅದು ಮೆತ್ತಗಿನ ದನಿಯನ್ನೂ ಸೂಕ್ಷ್ಮವಾಗಿ ಅಳೆಯುತ್ತದೆ. ಲೆವೆಲ್ ಕಡಿಮೆ ಇಟ್ಟು ರೆಕಾರ್ಡ್ ಮಾಡಬಹುದು, ಅಜ್ಜಿ ದನಿ ಏರಿಸಿದಾಗ ಒಡೆಯಲ್ಲ.

ಕುಶಾಲನಗರ ಕಿವಿ:
ಅಣ್ಣ ಹೇಳಿದ್ದು ಸರಿ, ಆದರೆ ಒಂದು ಮಾತು. ದುಡ್ಡಿನಿಂದ ಏನೂ ಆಗಲ್ಲ ಅಂತಲ್ಲ. ಮೆತ್ತಗೆ ಹಾಡುವವರಿಗೆ ಡೈನಾಮಿಕ್ ಮೈಕ್ (ಸ್ಟೇಜ್‌ನಲ್ಲಿ ಬಳಸುವಂಥದ್ದು) ಇಟ್ಟರೆ ಗೇನ್, ಅಂದರೆ ದನಿ ಹಿಗ್ಗಿಸುವ ಮಟ್ಟ, ತುಂಬಾ ಏರಿಸಬೇಕು. ತೀರಾ ಅಗ್ಗದ ಇಂಟರ್‌ಫೇಸ್ ಅಲ್ಲಿ ಸುಸ್ ಅನ್ನುತ್ತದೆ. ಅಜ್ಜಿಗೆ ಕಂಡೆನ್ಸರೇ ಸರಿ, ಅದನ್ನು ಮಾರಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಅದು ಚಟಪಟ ಅನ್ನಲು ಶುರು ಮಾಡುತ್ತದೆ. ಕೆಲಸ ಮುಗಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿ ನೋಡಿ, ಗುಂಯ್ ಸದ್ದು ಅರ್ಥಿಂಗ್‌ನಿಂದಲೂ ಬರುತ್ತದೆ.

ಕಾಫಿಹೂ:
ಇಬ್ಬರಿಗೂ ಥ್ಯಾಂಕ್ಸ್. ನಿನ್ನೆ ಮಳೆ ಬಿಟ್ಟಾಗ ಮಲಗುವ ಕೋಣೆಯಲ್ಲಿ ಕೂತೆವು. ಫ್ರಿಡ್ಜ್ ಆಫ್, ಎರಡು ಕಂಬಳಿ, ಒಂದು ಹಾಸಿಗೆ. ಮೊದಲು ಹಳೇ ಯುಎಸ್‌ಬಿ ಮೈಕ್‌ನಲ್ಲೇ ಒಂದು ಗೇಣು ದೂರದಿಂದ ಹಾಡಿಸಿದೆ. ಹಾಲ್‌ನಲ್ಲಿ ಹೊಸ ಮೈಕ್‌ನಿಂದ ಮಾಡಿದ್ದಕ್ಕಿಂತ ಎಷ್ಟೋ ಚೆನ್ನಾಗಿದೆ! ಆಮೇಲೆ ಕಂಡೆನ್ಸರ್. ಅದರಲ್ಲಿ ಸಾಲಿನ ಕೊನೆಗೆ ಅಜ್ಜಿ ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ಹೆಡ್‌ಫೋನ್ ಹಾಕಿ ಅವರಿಗೇ ಕೇಳಿಸಿದೆ. ಪೂರ್ತಿ ಕೇಳಿ, "ಎರಡನೇ ಸಾಲು ತಪ್ಪಿದೆ, ಇನ್ನೊಮ್ಮೆ ಹಾಡ್ತೇನೆ" ಅಂದರು. ಇವತ್ತು ಸಂಜೆ ಮಳೆ ಬಿಟ್ಟರೆ ಮತ್ತೆ ಕೂರುತ್ತೇವೆ.