ಅಪ್‌ಡೇಟ್: ಕಡಲಾಮೆ ನೋಡಿ ಬಂದೆ
ಈಜು ಅಷ್ಟಾಗಿ ಬಾರದ ನಾನು ಸಣ್ಣ ಗುಂಪಿನ ಸ್ನಾರ್ಕೆಲಿಂಗ್‌ಗೆ (ಮಾಸ್ಕ್, ಉಸಿರಾಟದ ಕೊಳವೆ ಹಾಕಿಕೊಂಡು ನೀರ ಮೇಲೆ ತೇಲುತ್ತಾ ಕೆಳಗೆ ನೋಡುವುದು) ಹೋಗಬಹುದೇ ಎಂದು ಕೇಳಿದ್ದೆ. ಹೋಗಿಬಂದೆ! ನಾವು 6 ಜನ, ಜೊತೆಗೊಬ್ಬರು ಗೈಡ್. ಲೈಫ್ ಜಾಕೆಟ್ ಹಾಕಿಕೊಂಡೇ ಇಳಿದೆ. ಮೊದಲಿಗೆ ಮಾಸ್ಕ್‌ನೊಳಗೆ ನೀರು ನುಗ್ಗಿ ಗಾಬರಿಯಾಯ್ತು. ಅಂಚಿಗೆ ಸಿಕ್ಕಿದ್ದ ಕೂದಲು ಸರಿಸಿದ ಮೇಲೆ ಸರಿಹೋಯ್ತು.

ಆಮೇಲೆ ಕಂಡಿತು, ಹಸಿರು ಕಡಲಾಮೆ! ತಳದಲ್ಲಿ ಕಡಲಹುಲ್ಲು ಮೇಯುತ್ತಿತ್ತು. ದೊಡ್ಡವಾದ ಮೇಲೆ ಇವು ಹೆಚ್ಚಾಗಿ ಹುಲ್ಲು, ಪಾಚಿಯನ್ನೇ ತಿನ್ನುತ್ತವೆ. ಅದು ಉಸಿರಿಗೆಂದು ಮೇಲೇರಿದಾಗ ಗೈಡ್ ಕೈ ಅಡ್ಡ ಹಿಡಿದು ನಮ್ಮನ್ನೆಲ್ಲ ತಡೆದರು. ದಾರಿ ಕಟ್ಟಿದರೆ ಅದು ಉಸಿರು ತೆಗೆದುಕೊಳ್ಳದೆ ಮತ್ತೆ ಕೆಳಗೆ ಹೋಗಿಬಿಡಬಹುದು. ತಲೆ ಹೊರಹಾಕಿ ಉಸಿರೆಳೆದುಕೊಂಡು ನಿಧಾನಕ್ಕೆ ಇಳಿಯಿತು. ಆ ‘ಫುಸ್’ ಸದ್ದು ಇನ್ನೂ ಕಿವಿಯಲ್ಲಿದೆ.

ಬೆನ್ನಿಗೆ ಸನ್‌ಸ್ಕ್ರೀನ್ ಬದಲು ತುಂಬುತೋಳಿನ ಈಜುಡುಗೆ ಹಾಕಿ ಎಂದವರಿಗೆ ತುಂಬಾ ಥ್ಯಾಂಕ್ಸ್, ಬೆನ್ನು ಸುಡಲೇ ಇಲ್ಲ.