ವರ್ಸೇಲ್ಸ್ ಒಪ್ಪಂದ, ಸೋತ ಜರ್ಮನಿ: ಹಾಸನ ಇತಿಹಾಸ ಗ್ರೂಪಲ್ಲಿ ಮೇಷ್ಟ್ರನ್ನ ಕೇಳಿ

ಅರಸೀಕೆರೆ ಹುಡುಗ: ಸರ್, ವರ್ಸೇಲ್ಸ್ ಒಪ್ಪಂದದಲ್ಲಿ ಜರ್ಮನಿ ಏನೇನ್ ಕಳ್ಕೊಳ್ತು? ನಾಡಿದ್ದು ಟೆಸ್ಟು.

ಮೇಷ್ಟ್ರು: ಮೊದಲ ಮಹಾಯುದ್ಧ ಮುಗಿದ್ಮೇಲೆ 1919 ಜೂನ್ 28ಕ್ಕೆ ಸಹಿ. ನೆಲ ನೂರಕ್ಕೆ ಸುಮಾರು 13 ಪಾಲು, ಜನ 10 ಪಾಲು ಹೋಯ್ತು. ಸೈನ್ಯ 1 ಲಕ್ಷ ಮೀರಂಗಿಲ್ಲ. ಕಲಂ 231ರಲ್ಲಿ ಯುದ್ಧದ ಹೊಣೆ ಜರ್ಮನಿ ತಲೆಗೆ.

ಕಾಫಿತೋಟ ಗೌಡ: ಮೇಷ್ಟ್ರೇ ಈ ಫಾರ್ವರ್ಡ್ ನೋಡಿ. "ಜರ್ಮನಿ 132 ಬಿಲಿಯನ್ ಚಿನ್ನದ ಮಾರ್ಕ್ ಕಟ್ಟಿ ದಿವಾಳಿ ಆಯ್ತು, ಅದಕ್ಕೇ ಹಿಟ್ಲರ್ ಬಂದ."

ಮೇಷ್ಟ್ರು: ಕಟ್ಟಿಲ್ಲ ಗೌಡ್ರೇ. ಅದು 1921ರಲ್ಲಿ ಕಾಗದದ ಮೇಲೆ ಬರ್ದ ಯುದ್ಧ ಪರಿಹಾರದ ಲೆಕ್ಕ, ಅದ್ರಲ್ಲೂ 82 ಬಿಲಿಯನ್ ಬರೀ ಹೆಸರಿಗೆ. 1932ರಲ್ಲಿ ಕೈಬಿಡೋ ಹೊತ್ತಿಗೆ ಕಟ್ಟಿದ್ದು ಸುಮಾರು 20 ಬಿಲಿಯನ್. ಪರೀಕ್ಷೆ ಬರೆಯೋ ಮಕ್ಕಳು ಇದನ್ನೇ ಹೋಗಿ ಬರೀತಾರೆ, ದಯವಿಟ್ಟು ಹಾಕ್ಬೇಡಿ.

ಚಿಕ್ಕಮಗಳೂರು ಬಿಎ: ಸರ್, ಒಪ್ಪಂದದ ಸಿಟ್ಟಿಗೇ ಹಿಟ್ಲರ್ ಬಂದ ಅಂದ್ರೆ 1928ರಲ್ಲಿ ಅವನ ಪಕ್ಷಕ್ಕೆ ನೂರಕ್ಕೆ 2.6 ಓಟಷ್ಟೇ ಯಾಕ್ ಬಿತ್ತು?

ಮೇಷ್ಟ್ರು: ಈ ಪ್ರಶ್ನೆ ಯಾರಾದ್ರೂ ಕೇಳ್ಲಿ ಅಂತ ವರ್ಷಗಳಿಂದ ಕಾಯ್ತಿದ್ದೀನಮ್ಮ. ಒಪ್ಪಂದದ ಮೇಲೆ ಸಿಟ್ಟು ಅಲ್ಲಿ ಎಲ್ಲಾ ಪಕ್ಷದೋರಿಗೂ ಇತ್ತು. ಆದ್ರೆ ದುಡ್ಡಿನ ಕಥೆ ಯುದ್ಧದಲ್ಲೇ ಶುರು, ಗೆದ್ದ ಮೇಲೆ ಸೋತೋರ ಹತ್ರ ವಸೂಲಿ ಮಾಡೋಣ ಅಂತ ಜರ್ಮನಿಯೋರು ಸಾಲದಲ್ಲೇ ಯುದ್ಧ ನಡೆಸಿದ್ರು, ತಾವೇ ಸೋತ್ರು. 1923 ಜನವರಿಲಿ ಕಂತು ತಪ್ಪಿಸಿದ್ರು ಅಂತ ಫ್ರಾನ್ಸ್, ಬೆಲ್ಜಿಯಂ ಸೈನ್ಯ ಜರ್ಮನಿಯ ಕಲ್ಲಿದ್ದಲು, ಉಕ್ಕಿನ ರೂರ್ ಪ್ರದೇಶಕ್ಕೆ ಬಂದು ಕೂತ್ಕೊಳ್ತು, ಕೆಲಸ ನಿಲ್ಲಿಸಿದ ಕಾರ್ಮಿಕರಿಗೆ ಸಂಬಳ ಕೊಡೋಕೆ ಸರ್ಕಾರ ನೋಟು ಅಚ್ಚು ಹಾಕ್ತಾನೇ ಹೋಯ್ತು, ನವೆಂಬರಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಆ ವರ್ಷದ ಒಂದು ನೋಟು ನನ್ನತ್ರ ಇದೆ, ಒಂದೇ ಮಗ್ಗುಲು ಅಚ್ಚು, ಹಿಂದೆ ಬೋಳು ಕಾಗದ. ಕ್ಲಾಸಲ್ಲಿ ಕೊಟ್ರೆ ಮಕ್ಕಳು ಮೊದ್ಲು ತಿರುಗಿಸಿ ನೋಡ್ತಾರೆ. ಪರಿಹಾರದ ಕಂತು ಹಗುರ ಮಾಡಿದ 1924ರ ಡಾಸ್ ಯೋಜನೆ ಆದ್ಮೇಲೆ ಅಮೆರಿಕದ ಸಾಲ ಬಂತು, ಬದುಕು ಸುಧಾರಿಸ್ತು, ನಿಮ್ಮ 2.6 ಆ ಕಾಲದ್ದು. 1929ರ ಅಮೆರಿಕ ಷೇರುಪೇಟೆ ಕುಸಿತಕ್ಕೆ ಆ ಸಾಲ ಬತ್ತಿಹೋಯ್ತು, 1932ಕ್ಕೆ 60 ಲಕ್ಷ ಜನಕ್ಕೆ ಕೆಲಸ ಇಲ್ಲ, ಜುಲೈ ಚುನಾವಣೇಲಿ ಅದೇ ಪಕ್ಷಕ್ಕೆ ನೂರಕ್ಕೆ 37. ಹಳೇ ಅವಮಾನ ಅವನಿಗೆ ಭಾಷಣಕ್ಕೆ ಒದಗಿದ್ದು ಆಗ.

ಸಕಲೇಶಪುರದವನು: ನಮ್ಮ 1792ರ ಶ್ರೀರಂಗಪಟ್ಟಣ ಒಪ್ಪಂದ ಇನ್ನೂ ಕ್ರೂರ. ಅರ್ಧ ರಾಜ್ಯ, 3 ಕೋಟಿ 30 ಲಕ್ಷ, ಮೇಲೆ ಟಿಪ್ಪುವಿನ ಇಬ್ರು ಗಂಡುಮಕ್ಕಳು ಒತ್ತೆ. 1794ರಲ್ಲಿ ವಾಪಸ್ ಬಂದ್ರು.

ಕಾಫಿತೋಟ ಗೌಡ: ಕೊಡಗಿನೋರಿಗೆ ಆಗಿದ್ದನ್ನೂ ಹೇಳು ಮತ್ತೆ.

ಸಕಲೇಶಪುರದವನು: ನಾನ್ ಒಪ್ಪಂದ ಅಂದ್ರೆ ನೀನ್ಯಾಕೋ ಎಲೆಕ್ಷನ್ ಭಾಷಣ ಮಾಡ್ತೀಯ?

ಕಾಫಿತೋಟ ಗೌಡ: ಏಕವಚನ ಬೇಡ. ವಯಸ್ಸಿಗಾದ್ರೂ ಬೆಲೆ ಕೊಡು.

ಅರಸೀಕೆರೆ ಹುಡುಗ: ಸರ್, ಟರ್ಕಿ ಒಪ್ಪಂದನೂ ಓದ್ಬೇಕಾ?

ಹೊಳೆನರಸೀಪುರ: ಸರ್ ಜರ್ಮನಿ ಏನೇನ್ ಕಳ್ಕೊಳ್ತು?

ಮೇಷ್ಟ್ರು: ಮೇಲಿದೆ. ಓದಿ.

ಕಾಫಿತೋಟ ಗೌಡ: 2010ರವರೆಗೂ ಕಟ್ಟಿದ್ರು ಅಂತ ಇನ್ನೊಂದು ಬಂದಿದೆ ಮೇಷ್ಟ್ರೇ, ನಿಮ್ಮ ಲೆಕ್ಕನೇ ತಪ್ಪು.

ಮೇಷ್ಟ್ರು: 2010 ಅಕ್ಟೋಬರ್ 3ಕ್ಕೆ ತೀರಿದ್ದು ಪರಿಹಾರ ಅಲ್ಲ, ಆ ಕಾಲದಲ್ಲಿ ಹೊರಗಿಂದ ತಂದ ಸಾಲದ ಬಾಕಿ ಬಡ್ಡಿ. ಎರಡು ಸಲ ಹೇಳಿದ್ದಾಯ್ತು ಗೌಡ್ರೇ, ಇನ್ನೊಂದು ಫಾರ್ವರ್ಡ್ ಬಂದ್ರೆ ಡಿಲೀಟ್ ಮಾಡ್ತೀನಿ.